ಸಿಪ್ಪೆಯೇಳುವ ಬಣ್ಣ, ಒಸರುವ ಗೋಡೆ

ಪಾಲುಪಟ್ಟಿ, ಮರಣಶಾಸನ, ಗಡಿ ತಕರಾರುಗಳ ಕುರಿತು ಈ ಅಂಕಣದಲ್ಲಿ ಬರೆಯುತ್ತ ಬಂದವನು ಈ ವಾರ ಗೋಡೆಯ ಬಣ್ಣದ ವಿಚಾರಕ್ಕೆ ಕೈಹಾಕಿದ್ದೇನೆ. ತುಲಾಮಾಸದ ಗುಡುಗುಮಳೆ ಹಿಂದೆ ಸರಿಯುತ್ತಿದ್ದಂತೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮನೆಗಳಲ್ಲಿ ಏಳುವ ಮೊದಲ ಮಾತು ಬಣ್ಣದ್ದೇ. ಮನೆಯಲ್ಲೊಂದು ಶುಭಕಾರ್ಯವಿದ್ದರಂತೂ ಹೇಳುವುದೇ ಬೇಡ. ಅಂಗಡಿಯಿಂದ ತಂದ ಬಣ್ಣದ ಮಾದರಿಪುಸ್ತಕವನ್ನು ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ವಿಚಾರಣೆಗೆ ಕುಳಿತುಬಿಡುತ್ತಾರೆ. ಆ ವಿಚಾರಣೆಯಲ್ಲಿ ಮುಖ್ಯ ಸಾಕ್ಷಿಯಾದ ಗೋಡೆಯನ್ನು ಮಾತ್ರ ಯಾರೂ ಕಟಕಟೆಗೆ ಕರೆಯುವುದಿಲ್ಲ. ಏಳು ವರ್ಷಗಳ ಹಿಂದೆ ನಾನೂ ಕರೆದಿರಲಿಲ್ಲ.

ತಂಗಿಯ ಮದುವೆ ನಿಶ್ಚಯವಾದ ವರ್ಷ ಅದು. ಮುಹೂರ್ತ ಅಕ್ಟೋಬರಿನಲ್ಲಿ. ಸೆಪ್ಟೆಂಬರಿನ ಕೊನೆಯ ವಾರ ಮಳೆ ತುಸು ಬಿಡುವು ಕೊಟ್ಟಿತೆಂದು ಪೈಂಟ್ ಕೆಲಸದವರನ್ನು ಕರೆಸಿದೆ. ಬಂದ ಮೇಸ್ತ್ರಿ ಚಾವಡಿಯ ಪಕ್ಕದ ಕೋಣೆಯ ಪಡುವಣ ಗೋಡೆಗೆ ಅಂಗೈಯಿಟ್ಟು ನೋಡಿ, “ವಕೀಲರೇ, ಗೋಡೆ ಇನ್ನೂ ತಂಪು ಉಂಟು, ಎರಡು ತಿಂಗಳು ಕಾಯುವುದು ಒಳ್ಳೆಯದು” ಎಂದರು. ಮದುವೆ ಕಾಯುವುದಿಲ್ಲವಲ್ಲ ಎಂದು ನಾನು ಉತ್ತರಿಸಿದೆ. ಹಳೆಯ ಸುಣ್ಣದ ಮೇಲೆಯೇ ಪುಟ್ಟಿ ಎಳೆದು, ದುಬಾರಿಯ ಎಮಲ್ಷನ್ ಬಳಿಸಿದ್ದಾಯಿತು. ಮದುವೆಯ ಛಾಯಾಚಿತ್ರಗಳಲ್ಲಿ ಗೋಡೆ ಬಹಳ ಚೆನ್ನಾಗಿ ಬಂದಿದೆ. ಮರುವರ್ಷದ ಆಟಿ ತಿಂಗಳಿಗೆ ಮೊದಲ ಗುಳ್ಳೆ ಎದ್ದಿತು. ಮೂರನೆಯ ವರ್ಷಕ್ಕೆ ಹಪ್ಪಳದಂಥ ಸಿಪ್ಪೆಗಳು ನೆಲಕ್ಕುದುರತೊಡಗಿದವು. ತಪ್ಪು ಮೇಸ್ತ್ರಿಯದ್ದಲ್ಲ, ಬಣ್ಣದ ಕಂಪೆನಿಯದ್ದೂ ಅಲ್ಲ, ನನ್ನದೇ ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ.

ಆ ಕೋಣೆಯ ವಿಶೇಷವೊಂದಿದೆ. ನನ್ನ ತಂದೆಯವರು ಕನ್ನಡ ಮಾಧ್ಯಮದ ಶಾಲೆಯಲ್ಲಿ ಅಧ್ಯಾಪಕರಾಗಿದ್ದವರು. ಎಂಬತ್ತರ ದಶಕದಲ್ಲಿ ಸುತ್ತಲಿನ ಮನೆಗಳ ಮಕ್ಕಳಿಗೆ ಸಂಜೆ ಹೊತ್ತು ಆ ಕೋಣೆಯಲ್ಲೇ ಪಾಠ ಹೇಳುತ್ತಿದ್ದರು. ಪಡುವಣ ಗೋಡೆಯ ಕೆಳಭಾಗಕ್ಕೆ, ನೆಲದಿಂದ ನಾಲ್ಕು ಅಡಿಯವರೆಗೆ, ಹಸಿರು ಎಣ್ಣೆಬಣ್ಣ ಬಳಿದು, ಅದರ ಮೇಲೆ ಕೈಯಾರೆ ವರ್ಣಮಾಲೆ ಬರೆದಿದ್ದರು: ಸ್ವರಗಳು ಕೆಂಪು, ವ್ಯಂಜನಗಳು ಹಳದಿ, ಅನುಸ್ವಾರ ವಿಸರ್ಗಗಳು ಬಿಳಿ. ನಾನು, ನನ್ನ ತಂಗಿ, ಊರಿನ ಇನ್ನೆಷ್ಟೋ ಮಕ್ಕಳು ಆ ಅಕ್ಷರಗಳ ಮೇಲೆ ಬೆರಳಾಡಿಸಿಯೇ ಬರೆಯಲು ಕಲಿತವರು. ಮದುವೆಯ ಬಣ್ಣದ ಸಮಯದಲ್ಲಿ ಆ ಪಟ್ಟಿಯನ್ನು ಮುಟ್ಟಬಾರದೆಂದು ತಂದೆಯವರು ತಾಕೀತು ಮಾಡಿದ್ದರಿಂದ ಎಮಲ್ಷನ್ ಅದರ ಮೇಲ್ಭಾಗಕ್ಕಷ್ಟೇ ಬಿದ್ದಿತ್ತು.

ಕಳೆದ ವರ್ಷದ ಆಟಿಯಲ್ಲಿ ತಂಗಿ ಎರಡೂವರೆ ವರ್ಷದ ಮಗನೊಡನೆ ಬಂದಿದ್ದಳು. ಹೊರಗೆ ಜಡಿಮಳೆ; ಮಗು ದಿನವಿಡೀ ಆ ಕೋಣೆಯಲ್ಲೇ ಆಡುತ್ತಿತ್ತು. ಮೂರನೆಯ ದಿನ ಅದರ ಬಾಯಿಯಿಂದ ನನ್ನ ಹೆಂಡತಿ ತೆಗೆದದ್ದು ಹಳದಿ ಬಣ್ಣದ ಒಂದು ಚೂರು. ಗೋಡೆಯನ್ನು ನೋಡಿದರೆ ‘ಟ’ವರ್ಗದ ಅರ್ಧ ಭಾಗ ಕಾಣೆಯಾಗಿತ್ತು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಲೇಬೇಕು. ಎಣ್ಣೆಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬೆರೆಸುವುದು ಬಹುಕಾಲದ ರೂಢಿಯಾಗಿತ್ತು. ಬಣ್ಣ ಬೇಗ ಒಣಗಲೆಂದು, ಬಾಳಿಕೆ ಬರಲೆಂದು, ಹೊಳಪಿನ ಹಳದಿ ಕೆಂಪುಗಳು ಬರಲೆಂದು. ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರಕಾರವು 2016ರಲ್ಲಿ ಹೊರಡಿಸಿದ ನಿಯಮಗಳು ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂದು ವಿಧಿಸಿದವು. ಈ ಮಿತಿ 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಗಡಿನಾಡಿನ ನಮಗೆ ನವೆಂಬರ್ 1 ಬೇರೆಯೇ ಕಾರಣಕ್ಕೆ ಮರೆಯಲಾಗದ ತಾರೀಕು. ಇನ್ನು ಮುಂದೆ ಇದನ್ನೂ ಜತೆಗೆ ನೆನಪಿಟ್ಟುಕೊಳ್ಳಬಹುದು. ಇದರ ತಾತ್ಪರ್ಯವಿಷ್ಟೇ: ಅದಕ್ಕೆ ಮುಂಚೆ ಬಳಿದ ಎಣ್ಣೆಬಣ್ಣ, ಅದರಲ್ಲೂ ಮೂವತ್ತು ನಲವತ್ತು ವರ್ಷ ಹಳೆಯದು, ಸೀಸವುಳ್ಳದ್ದೆಂದೇ ಭಾವಿಸಿ ನಡೆಯಬೇಕು. ಕಣ್ಣಿನಿಂದ ನೋಡಿ ಇದೆಯೆಂದೋ ಇಲ್ಲವೆಂದೋ ಹೇಳಲಾಗದು. ಸೀಸವು ಎಳೆಯ ಮಕ್ಕಳ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಇಷ್ಟು ಪ್ರಮಾಣದವರೆಗೆ ಭಯವಿಲ್ಲ ಎನ್ನುವಂಥ ಮಿತಿ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಚೂರನ್ನು ನುಂಗುವುದಷ್ಟೇ ಅಪಾಯವೆಂದು ತಿಳಿಯಬೇಡಿ. ಉದುರಿದ ಬಣ್ಣ ಕಾಲ್ತುಳಿತಕ್ಕೆ ಪುಡಿಯಾಗಿ, ನೆಲದಲ್ಲಿ ಅಂಬೆಗಾಲಿಡುವ ಮಗುವಿನ ಕೈಗೆ ಮೆತ್ತಿ, ಕೈಯಿಂದ ಬಾಯಿಗೆ ಹೋಗುತ್ತದೆ.

ವೈದ್ಯರು ಮಗುವಿನ ರಕ್ತ ತೆಗೆಸಿದರು. ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗಿತ್ತು. ವರದಿ ಬರುವವರೆಗಿನ ಹತ್ತು ದಿನ ಮನೆಯಲ್ಲಿ ಯಾರೂ ಒಬ್ಬರ ಮುಖವನ್ನೊಬ್ಬರು ಸರಿಯಾಗಿ ನೋಡಲಿಲ್ಲ. ವರದಿಯಲ್ಲಿ ಗಾಬರಿಯಾಗುವಂಥದ್ದು ಇರಲಿಲ್ಲ. ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿರೆಂದರು, ಪರೀಕ್ಷಿಸಿದೆವು, ಅದೂ ಸರಿಯಿತ್ತು. ಆದರೆ ಆ ಹತ್ತು ದಿನಗಳಲ್ಲಿ ನಾನು ಗೋಡೆಯ ಬಗೆಗೆ ಕಲಿತದ್ದು ಅದಕ್ಕೆ ಮುಂಚಿನ ನಲವತ್ತು ವರ್ಷಗಳಲ್ಲಿ ಕಲಿತಿರಲಿಲ್ಲ.

ಮಳೆಗಾಲದ ನಡುವೆ ಕೆರೆಯುವ ಕೆಲಸಕ್ಕೆ ಇಳಿಯುವಂತಿರಲಿಲ್ಲ. ಕೋಣೆಯನ್ನು ಮಕ್ಕಳಿಗೆ ನಿಷೇಧಿಸಿ, ಸಡಿಲವಾದ ಭಾಗಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚುಗಳನ್ನು ಟೇಪಿನಿಂದ ಮುಚ್ಚಿದೆವು. ನೆಲವನ್ನು ಕಸಪೊರಕೆಯಿಂದ ಗುಡಿಸುವುದನ್ನು ಬಿಟ್ಟು, ದಿನವೂ ಒದ್ದೆಬಟ್ಟೆಯಿಂದ ಒರೆಸಿದೆವು. ಒಣಪೊರಕೆ ಧೂಳನ್ನು ತೆಗೆಯುವುದಿಲ್ಲ, ಗಾಳಿಗೆ ಎಬ್ಬಿಸಿ ಕೋಣೆ ತುಂಬ ಹಂಚುತ್ತದೆ.

ಬಣ್ಣವೇಕೆ ಕಿತ್ತುಬಂತು? ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಜಲನಿರೋಧಕದ ಇನ್ನೊಂದು ಡಬ್ಬಿ ತೋರಿಸುತ್ತಾರೆ. ಉತ್ತರ ಡಬ್ಬಿಯಲ್ಲಿಲ್ಲ. ನಮ್ಮ ಹಳೆಯ ಮನೆಗಳು ಕೆಂಪು ಮುರಕಲ್ಲಿನವು. ಫ್ರಾನ್ಸಿಸ್ ಬುಕಾನನ್ ಎರಡು ಶತಮಾನದ ಹಿಂದೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದಾಗ ಕಂಡು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಇದಕ್ಕೇ. ನೆಲದಲ್ಲಿರುವಾಗ ಮೆದು, ಗಾಳಿಬಿಸಿಲಿಗೆ ಬಂದರೆ ಗಟ್ಟಿ. ಬೇಕಲದ ಕೋಟೆ ಇದರದ್ದೇ. ಆದರೆ ಇದರ ಮೈತುಂಬ ರಂಧ್ರಗಳು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಈ ಕಲ್ಲು ನೀರು ಕುಡಿಯದೆ ಇರಲಾರದು. ಹಿರಿಯರಿಗೆ ಇದು ತಿಳಿದಿತ್ತು. ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಗೋಡೆಗೆ ಬಳಿದರು. ಸುಣ್ಣದ ಪದರ ತೇವವನ್ನು ತಡೆದು ನಿಲ್ಲಿಸುವುದಿಲ್ಲ, ಆವಿಯಾಗಿ ಹೊರಹೋಗಲು ಬಿಡುತ್ತದೆ. ಮಳೆಗಾಲದಲ್ಲಿ ಗೋಡೆ ಕುಡಿದದ್ದನ್ನು ಬೇಸಗೆಯಲ್ಲಿ ಉಸಿರಾಡಿ ಹೊರಹಾಕುತ್ತಿತ್ತು. ನಾವು ಅದರ ಮೇಲೆ ಎಣ್ಣೆಬಣ್ಣದ, ಪ್ಲಾಸ್ಟಿಕಿನಂಥ ಬಣ್ಣದ ಅಂಗಿ ತೊಡಿಸಿದೆವು. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಅಂಗಿಯನ್ನೇ ದೂಡಿತು. ತೇವದೊಡನೆ ಕರಗಿ ಬರುವ ಲವಣಗಳೂ ಬಣ್ಣದ ಹಿಂಬದಿಯಲ್ಲಿ ಹರಳುಗಟ್ಟಿ ಅದನ್ನು ಎತ್ತುತ್ತವೆ. ಗೋಡೆಯ ಮೇಲೆ ಬಿಳಿಯ ಹಿಟ್ಟಿನಂತೆ ಕಾಣುವ ಉಪ್ಪು ಅದೇ.

ಆದುದರಿಂದ ಕೆರೆಯುವ ಮುನ್ನ ನೀರಿನ ಮೂಲವನ್ನು ಹುಡುಕಬೇಕು. ಗೋಡೆಯ ತೇವ ನಾಲ್ಕು ದಿಕ್ಕುಗಳಿಂದ ಬರಬಹುದು: ಮಾಡಿನಿಂದ ಇಳಿದು, ಹೊರಗೋಡೆಯ ಬಿರುಕಿನಿಂದ ನುಗ್ಗಿ, ನೆಲದಿಂದ ಏರಿ, ಇಲ್ಲವೇ ಹಿಂಬದಿಯ ಬಚ್ಚಲಿನ ಕೊಳವೆಯಿಂದ ಒಸರಿ. ಕಲೆ ಎಲ್ಲಿದೆಯೆಂಬುದೇ ಅರ್ಧ ಉತ್ತರ. ಮೇಲ್ತುದಿಯಲ್ಲಿದ್ದರೆ ಹಂಚನ್ನೂ ತಾರಸಿಯನ್ನೂ ನೋಡಿರಿ. ನೆಲದಿಂದ ಮೂರ್ನಾಲ್ಕು ಅಡಿಯವರೆಗೆ ಪಟ್ಟಿಯಾಗಿದ್ದರೆ ಅದು ಕೆಳಗಿನಿಂದ ಬಂದದ್ದು. ಸಂಶಯವಿದ್ದಲ್ಲಿ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಿಗೆ ಟೇಪು ಹಚ್ಚಿ ಬರಿಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಬೇಕು. ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ತೇವ ಗೋಡೆಯೊಳಗಿನದ್ದು. ಕೋಣೆಯ ಕಡೆಯ ಮೈ ಬೆವತಿದ್ದರೆ ಅದು ಗಾಳಿಯ ತೇವ, ಕಿಟಕಿ ತೆರೆದರೆ ಅರ್ಧ ವಾಸಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಏಳು ವರ್ಷದ ಹಿಂದೆ ಮಾಡಿದ್ದರೆ ನನ್ನ ಎಮಲ್ಷನ್ನಿನ ಹಣ ಉಳಿಯುತ್ತಿತ್ತು.

ನಮ್ಮ ಮನೆಯಲ್ಲಿ ಅಪರಾಧಿ ಸಿಕ್ಕಿದ್ದು ಅಂಗಳದಲ್ಲಿ. ಮದುವೆಗೆಂದೇ ಅಂಗಳಕ್ಕೆ ಇಂಟರ್‌ಲಾಕ್ ಹಾಸಿಸಿದ್ದೆ. ಕೆಳಗೆ ಜಲ್ಲಿಪುಡಿ ತುಂಬಿ ಹಾಸಿದ್ದರಿಂದ ಅಂಗಳ ಸುಮಾರು ಅರ್ಧ ಅಡಿ ಮೇಲೇರಿ, ಮನೆಯ ಪಂಚಾಂಗದ ಕಲ್ಲುಗಳನ್ನು ನುಂಗಿ ಗೋಡೆಯ ಬುಡಕ್ಕೆ ಬಂದು ಕೂತಿತ್ತು. ಮೇಲಿನಿಂದ ಹಂಚಿನ ನೀರು ಅದೇ ಜಾಗಕ್ಕೆ ಬಿದ್ದು ಗೋಡೆಗೆ ರಾಚುತ್ತಿತ್ತು. ಇಂದು ನಮ್ಮ ಊರುಗಳಲ್ಲಿ ಇಂಟರ್‌ಲಾಕ್ ಇಲ್ಲದ ಅಂಗಳವೇ ಅಪರೂಪ. ಬಣ್ಣ ಕೀಳುವ ಎಷ್ಟೋ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ. ಗೋಡೆಯ ಉದ್ದಕ್ಕೆ ಒಂದೂವರೆ ಅಡಿ ಅಗಲದಷ್ಟು ಕಲ್ಲು ಕೀಳಿಸಿ, ಮಣ್ಣು ತಗ್ಗಿಸಿ, ಚರಂಡಿ ಮಾಡಿಸಿ ಜಲ್ಲಿ ತುಂಬಿಸಿದೆ. ಮಾಡಿನಂಚಿಗೆ ದಂಬೆ ಕಟ್ಟಿಸಿ ನೀರನ್ನು ಬಾವಿಯ ಕಡೆಗೆ ತಿರುಗಿಸಿದೆ. ಬಣ್ಣದ ಕೆಲಸಕ್ಕಿಂತ ಇದಕ್ಕೇ ಹೆಚ್ಚು ಹಣ ಬಿತ್ತು.

ಉಳಿದದ್ದು ತಂದೆಯವರ ಒಪ್ಪಿಗೆ. ಡಿಸೆಂಬರಿನ ಒಂದು ಸಂಜೆ ವಿಷಯವೆತ್ತಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೇಲಿಂದ ವಾರ್ನಿಶು ಬಳಿದರೆ ಸಾಲದೇನು ಮಗ? ಅಕ್ಷರ ಒಳಗೆ ಉಳಿದೀತು” ಎಂದರು. ಪ್ರಶ್ನೆ ಅಸಂಬದ್ಧವಾದದ್ದಲ್ಲ. ಹಳೆಯ ಎಣ್ಣೆಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕೆರೆಯದೆ ಮೇಲೆ ಹೊಸ ಪದರ ಬಳಿದು ಮುಚ್ಚಿಬಿಡುವುದೇ ಕೆರೆಯುವುದಕ್ಕಿಂತ ಸುರಕ್ಷಿತ. ಆದರೆ ಬುಡವೇ ಸಡಿಲವಾದ ಪದರದ ಮೇಲೆ ಏನನ್ನು ಬಳಿದರೂ ಎರಡೂ ಕೂಡಿಯೇ ಕಳಚುತ್ತವೆ. ತಿಳಿಯುವುದು ಸುಲಭ: ಬ್ಲೇಡಿನಿಂದ ಬಣ್ಣದ ಮೇಲೆ ಒಂದು ಗುಣಾಕಾರ ಚಿಹ್ನೆ ಗೀರಿ, ಅಂಟುಟೇಪನ್ನು ಒತ್ತಿ ಹಚ್ಚಿ, ಒಮ್ಮೆಲೇ ಎಳೆಯಬೇಕು. ಟೇಪಿನೊಡನೆ ಬಣ್ಣ ಬಂದರೆ ತೀರ್ಪು ಹೊರಬಿದ್ದಂತೆ. ತಂದೆಯವರ ಎದುರಿಗೇ ಈ ಪರೀಕ್ಷೆ ಮಾಡಿದೆ. ಟೇಪಿಗೆ ಅಂಟಿ ಬಂದದ್ದು ‘ಮ’. ಅವರು ಆ ಟೇಪನ್ನು ಕೈಗೆ ತೆಗೆದುಕೊಳ್ಳಹೋದರು, ನಾನು ಕೊಡಲಿಲ್ಲ. “ಸರಿ, ತೆಗೆಸು. ಮಗುವಿಗಿಂತ ಹೆಚ್ಚಿನದ್ದಲ್ಲ ಅದು” ಎಂದು ಒಳಗೆ ಹೋದರು.

ಕೆರೆಯುವ ಮುನ್ನ ನನ್ನ ಮಗಳು ಕೈಗವಸು ಮತ್ತು ಮುಖಗವಸು ತೊಟ್ಟು, ಗಟ್ಟಿಯಾಗಿ ಉಳಿದ ಅಕ್ಷರಗಳ ಮೇಲೆ ತೆಳುಕಾಗದ ಹಿಡಿದು ಪೆನ್ಸಿಲಿನಲ್ಲಿ ಅವುಗಳ ಅಚ್ಚು ತೆಗೆದಳು. ಈ ವರ್ಷ ಹತ್ತನೆಯ ತರಗತಿಯಲ್ಲಿರುವ ಅವಳು ಆಗ ಒಂಬತ್ತರಲ್ಲಿದ್ದಳು. ಬೇರೆ ಯಾವ ಮಕ್ಕಳನ್ನೂ ಕೋಣೆಗೆ ಬಿಡಲಿಲ್ಲ.

ಕೆರೆತದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಲ್ಲೇ ಹೆಚ್ಚಿನವರು ಎಡವುವುದು. ಮಕ್ಕಳೂ ಗರ್ಭಿಣಿಯರೂ ಆ ದಿನಗಳಲ್ಲಿ ಮನೆಯಲ್ಲೇ ಇರಬಾರದು. ಪೀಠೋಪಕರಣ ಹೊರಗೆ, ನೆಲಕ್ಕೆ ಪ್ಲಾಸ್ಟಿಕ್ ಹಾಸು, ಒಳಬಾಗಿಲಿಗೆ ಪರದೆ. ಹಳೆಯ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ಉಜ್ಜುವುದಾಗಲಿ, ಯಂತ್ರದಿಂದ ತೇಯುವುದಾಗಲಿ, ಬೆಂಕಿಯ ಜ್ವಾಲೆ ಹಿಡಿದು ಸುಡುವುದಾಗಲಿ ಸರ್ವಥಾ ಕೂಡದು. ನೀರು ಸಿಂಪಡಿಸಿ, ಒದ್ದೆಯಾಗಿಯೇ ಸ್ಕ್ರೇಪರಿನಿಂದ ಎಬ್ಬಿಸಬೇಕು. ಕೆಲಸಗಾರರಿಗೆ ಬಟ್ಟೆಯ ಮುಖಗವಸು ಸಾಲದು, ಕನಿಷ್ಠ ಎನ್-95 ಬೇಕು. ಉಟ್ಟ ಬಟ್ಟೆಯನ್ನು ಅಲ್ಲೇ ಬದಲಿಸಿ ಹೋಗಲಿ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಉದುರಿದ್ದನ್ನೆಲ್ಲ ಹಾಸಿನೊಡನೆ ಮಡಚಿ ದಪ್ಪ ಚೀಲದಲ್ಲಿ ಕಟ್ಟಬೇಕು. ಅದನ್ನು ಅಂಗಳದಲ್ಲಿ ಸುಡುವುದೂ ಬೇಡ, ಅಡಿಕೆ ಬುಡಕ್ಕೆ ಸುರಿಯುವುದೂ ಬೇಡ. ಪಂಚಾಯತಿನಲ್ಲಿ ವಿಚಾರಿಸಿ ಒಪ್ಪಿಸಿರಿ.

ಎಮಲ್ಷನ್ ಮತ್ತು ಸುಣ್ಣದ ಗೋಡೆಗಳಿಗೆ ಇಷ್ಟು ಭಯ ಬೇಕಿಲ್ಲ. ಅಲ್ಲಿ ಸಡಿಲವಾದದ್ದನ್ನು ಕೆರೆದು, ಗಟ್ಟಿ ಉಳಿದ ಭಾಗದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಇಳಿಜಾರಾಗಿಸಬೇಕು, ಇಲ್ಲದಿದ್ದರೆ ಹೊಸ ಬಣ್ಣದಡಿ ಆ ಅಂಚು ಭೂಪಟದ ಗಡಿರೇಖೆಯಂತೆ ಎದ್ದು ಕಾಣುತ್ತದೆ. ಅಂಗೈಯಿಂದ ಒರೆಸಿದಾಗ ಬಿಳಿಪುಡಿ ಹತ್ತುವ ಸುಣ್ಣದ ಗೋಡೆಯ ಮೇಲೆ ನೇರವಾಗಿ ಪುಟ್ಟಿಯನ್ನೋ ಎಮಲ್ಷನ್ನನ್ನೋ ಹಚ್ಚಿದರೆ ಅದು ಗೋಡೆಗಲ್ಲ, ಪುಡಿಗೆ ಅಂಟುತ್ತದೆ. ಉಪ್ಪು ಎದ್ದಿದ್ದರೆ ಒಣ ಬ್ರಶ್ಶಿನಿಂದ ತೆಗೆಯಬೇಕು. ತೊಳೆದರೆ ಕರಗಿ ಮತ್ತೆ ಒಳಗಿಳಿಯುತ್ತದೆ. ಕಪ್ಪು ಬೂಷ್ಟು ಹಿಡಿದಿದ್ದರೆ ಬ್ಲೀಚಿಂಗ್ ಪುಡಿಯ ನೀರಿನಿಂದ ಉಜ್ಜಿ, ತೊಳೆದು, ಒಣಗಿಸಬೇಕು. ಆ ನೀರಿಗೆ ಆ್ಯಸಿಡನ್ನಾಗಲಿ ಬೇರೆ ಶೌಚ ದ್ರಾವಣವನ್ನಾಗಲಿ ಬೆರೆಸಿದರೆ ವಿಷಾನಿಲ ಏಳುತ್ತದೆ, ಎಚ್ಚರ. ಆ ಬಳಿಕ ಬೇಕಿದ್ದಲ್ಲಿ ತೆಳುವಾಗಿ ಎರಡು ಸಲ ಪುಟ್ಟಿ, ಪ್ರೈಮರ್, ಎರಡು ಕೋಟು ಬಣ್ಣ. ಇದು ಎಲ್ಲರಿಗೂ ತಿಳಿದದ್ದೇ. ತೇವವಿರುವಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾತ್ರ ಬೇಡ.

ಕಾಲವೂ ಮುಖ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ನೀರು ಕುಡಿದ ಗೋಡೆ ತುಲಾಮಳೆ ಮುಗಿಯುವ ತನಕ ಒಣಗುವುದಿಲ್ಲ. ಡಿಸೆಂಬರಿನಲ್ಲಿ ಕೆರೆದು, ಬರಿಗೋಡೆಯನ್ನು ಗಾಳಿಗೆ ಬಿಟ್ಟು, ಫೆಬ್ರವರಿ ಮಾರ್ಚಿನಲ್ಲಿ ಬಳಿಯುವುದು ನಮ್ಮ ಹವೆಗೆ ಒಪ್ಪುವ ಕ್ರಮ. ಬರಿಗೋಡೆಯೊಡನೆ ಮೂರು ತಿಂಗಳು ಬಾಳುವ ತಾಳ್ಮೆ ಬೇಕು, ಅಷ್ಟೆ.

ಬಾಡಿಗೆಮನೆಯಲ್ಲಿರುವವರ ಪ್ರಶ್ನೆ ಬೇರೆ. ಮನೆ ಬಿಡುವಾಗ ಬಣ್ಣ ಹೋಗಿದೆಯೆಂದು ಮುಂಗಡದಿಂದ ಹಣ ಮುರಿದುಕೊಂಡ ಫಿರ್ಯಾದಿಗಳನ್ನು ನನ್ನ ಕಚೇರಿಯಲ್ಲಿ ಆಗಾಗ ಕಾಣುತ್ತೇನೆ. ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕೆನ್ನುತ್ತದೆ, ಆದರೆ ಸಹಜ ಬಳಕೆಯ ಸವೆತವನ್ನು ಅದರಿಂದ ಹೊರಗಿಡುತ್ತದೆ. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು ನೋಟೀಸು ಕೊಟ್ಟು ಯುಕ್ತ ಸಮಯ ಕಳೆದರೂ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಲೂ ಅಲ್ಲಿ ಅವಕಾಶವಿದೆ. ಇವೆಲ್ಲವೂ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮಾತ್ರ. ಕರಾರು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಬಲ್ಲವರಿಂದ ಓದಿಸದೆ ಸಹಿ ಹಾಕಬೇಡಿ. ಪ್ರವೇಶದ ದಿನವೇ ಗೋಡೆಗಳ ಫೋಟೋ ತೆಗೆದಿಡಿ. ಇನ್ನು ಗುತ್ತಿಗೆ ಹಿಡಿದು ಕೆಲಸ ಕೆಡಿಸಿದವರ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಒಪ್ಪಂದ ಬರವಣಿಗೆಯಲ್ಲಿರಬೇಕು, ಬಿಲ್ಲು ಇರಬೇಕು. ಮೇಸ್ತ್ರಿ ಬೇಡವೆಂದರೂ ಬಳಿಸಿದ ನನ್ನಂಥವನು ಯಾವ ಆಯೋಗದ ಮೆಟ್ಟಿಲನ್ನೂ ಹತ್ತಲಾರ.

ಮನೆಯಷ್ಟೇ ಅಲ್ಲ, ನಮ್ಮ ಮಕ್ಕಳು ದಿನದ ಅರ್ಧ ಭಾಗ ಕಳೆಯುವ ಶಾಲಾ ಗೋಡೆಗಳೂ ಇವೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಹಳೆಯ ಕಟ್ಟಡಗಳು ಕಡಮೆಯಲ್ಲ. ರಕ್ಷಕ-ಶಿಕ್ಷಕ ಸಂಘಗಳು ದಾನಿಗಳ ನೆರವಿನಿಂದ ಬಣ್ಣ ಬಳಿಸುವ ಪರಿಪಾಠ ಒಳ್ಳೆಯದೇ. ಆದರೆ ಜೂನಿನ ಪ್ರವೇಶೋತ್ಸವಕ್ಕೆಂದು ಮೇ ತಿಂಗಳ ಕೊನೆಯ ವಾರ ಗಡಿಬಿಡಿಯಿಂದ ಕೆರೆದು ಬಳಿದರೆ, ಕೆರೆದ ಧೂಳಿನ ಮೇಲೆಯೇ ಒಂದನೆಯ ತರಗತಿಯ ಮಕ್ಕಳು ಬಂದು ಕೂರುತ್ತಾರೆ. ಏಪ್ರಿಲಿನ ಮೊದಲ ವಾರವೇ ಕೆಲಸ ಆರಂಭಿಸಿದರೆ ತೊಳೆದು ಒರೆಸಲು ಬೇಕಾದಷ್ಟು ಸಮಯವಿರುತ್ತದೆ. ಬಾಗಿಲು, ಕಿಟಕಿ, ಬೆಂಚುಗಳ ಎಣ್ಣೆಬಣ್ಣವನ್ನು ಮರೆಯಬಾರದು. ಉಜ್ಜಾಟವಾಗುವಲ್ಲಿ ಪುಡಿ ಹೆಚ್ಚು. ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣದ ಒಕ್ಕಣೆಯಿದೆಯೇ ಎಂದು ನೋಡಿರಿ, ದರಪಟ್ಟಿಯಲ್ಲೂ ಅದನ್ನು ಬರೆಸಿಕೊಳ್ಳಿರಿ. ಮುಂದಿನ ಸಂಘದ ಸಭೆಯಲ್ಲಿ ಯಾರಾದರೊಬ್ಬರು ಈ ಮಾತನ್ನೆತ್ತಿದರೆ ಸಂತೋಷ.

ನಮ್ಮ ಕೋಣೆಯ ಸಂಗತಿಗೆ ಬರುತ್ತೇನೆ. ಕೆಳಗಿನ ನಾಲ್ಕು ಅಡಿಯ ಗಾರೆಯನ್ನು ತೆಗೆಸಿ ಸುಣ್ಣದ ಗಾರೆ ಹಚ್ಚಿಸಿದೆ. ಮಾರ್ಚಿಯವರೆಗೆ ಒಣಗಿಸಿ, ಏಪ್ರಿಲಿನಲ್ಲಿ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಮೂರು ಕೈ ಬಳಿಸಿದೆ. ಒಂದು ಮಳೆಗಾಲ ಕಳೆದಿದೆ. ಮೂಲೆಯಲ್ಲಿ ಅಂಗೈಯಗಲ ಉಪ್ಪು ಎದ್ದಿತ್ತು, ಬ್ರಶ್ಶಿನಿಂದ ತೆಗೆದೆ. ಹಳೆಯ ಕಲ್ಲು ತನ್ನೊಳಗಿನದ್ದನ್ನು ಪೂರ್ತಿ ಬಿಡಲು ಇನ್ನೂ ಒಂದೆರಡು ವರ್ಷ ಬೇಕೆಂದು ಮೇಸ್ತ್ರಿ ಹೇಳುತ್ತಾರೆ. ಈ ಸಲ ನಾನು ಎದುರುವಾದಿಸಲಿಲ್ಲ.

ಮಗಳು ತೆಗೆದ ಅಚ್ಚುಗಳಿಂದ ಹಲಗೆಯೊಂದರ ಮೇಲೆ ವರ್ಣಮಾಲೆಯನ್ನು ಮತ್ತೆ ಬರೆಸುವ ಸಿದ್ಧತೆ ನಡೆದಿದೆ. ತಂದೆಯವರ ಕೈ ಈಗ ನಡುಗುತ್ತದೆ. ಅವಳೇ ಬರೆಯಬೇಕು, ಅವರು ಕುರ್ಚಿ ಹಾಕಿ ಕುಳಿತು ತಿದ್ದಬೇಕು. ಅಚ್ಚಿಗೆ ಸಿಗದೆ ಉದುರಿಹೋದ ಅಕ್ಷರಗಳು ಒಂಬತ್ತು. ಅವುಗಳ ಪೈಕಿ ‘ೠ’ ಒಂದು. ತನ್ನ ಪಾಠಪುಸ್ತಕದಲ್ಲಿ ಅದನ್ನು ಕಂಡಿಲ್ಲವೆಂದು ಮೊಮ್ಮಗಳು. ಅದಿಲ್ಲದೆ ಹಲಗೆ ಗೋಡೆಗೇರದೆಂದು ಅಜ್ಜ. ಹಲಗೆಗೆ ಪ್ರೈಮರ್ ಬಳಿದು ಒಣಗಲು ಇಟ್ಟಿದ್ದೇವೆ.